ಕಡಲಾಚೆಯ ಅಂಗಡಿಯಲ್ಲಿ ಗದ್ವಾಲ ಸೀರೆ

ಮದುವೆಯ ದಿನಗಳು ಬಂತೆಂದರೆ ಬದಿಯಡ್ಕ, ಕುಂಬಳೆ, ಮಂಜೇಶ್ವರಗಳ ಜವಳಿ ಅಂಗಡಿಗಳಲ್ಲಿ ಕಾಲಿಡಲು ಜಾಗವಿಲ್ಲದ ಕಾಲವೊಂದಿತ್ತು. ಈಗ ಜವಳಿ ತೆಗೆಯುವ ಕೆಲಸದ ಅರ್ಧ ಭಾಗ ಮನೆಯ ಜಗಲಿಯಲ್ಲೇ ಮುಗಿದುಹೋಗುತ್ತದೆ. ದುಬಾಯಿಯಲ್ಲಿರುವ ಮಗ ಅಲ್ಲಿಂದಲೇ ಹಣ ಕಟ್ಟುತ್ತಾನೆ, ಇಲ್ಲಿ ಸೊಸೆ ಮೊಬೈಲಿನಲ್ಲಿ ಚಿತ್ರ ನೋಡಿ ಆರಿಸುತ್ತಾಳೆ, ನಾಲ್ಕನೆಯ ದಿನ ಪೊಟ್ಟಣ ಅಂಗಳಕ್ಕೆ ಬರುತ್ತದೆ. ಇದರಲ್ಲಿ ತಪ್ಪೇನು ಎಂದು ಕೇಳುವವರಿಗೆ ಥಟ್ಟನೆ ಉತ್ತರ ಹೇಳುವುದು ಸುಲಭವಲ್ಲ. ಗಲ್ಫಿನಿಂದ ಬಂದವರ ಪೆಟ್ಟಿಗೆಯ ಅತ್ತರು, ಟಾರ್ಚು, ಟೇಪ್‌ರೆಕಾರ್ಡರುಗಳಿಗಾಗಿ ಕಾದು ಕುಳಿತಿದ್ದ ಜಿಲ್ಲೆ ನಮ್ಮದು. ಪರದೇಶದ ಸಾಮಾನಿನ ಮೋಹ ನಮಗೇನೂ ಹೊಸತಲ್ಲ.

ಹೊಸತು ಬೇರೆಯೇ ಇದೆ. ಅಂದು ಸಾಮಾನು ಪರದೇಶದ್ದಾಗಿತ್ತು, ಅಂಗಡಿ ನಮ್ಮದಾಗಿತ್ತು. ಇಂದು ಸಾಮಾನು ಬಹುಪಾಲು ನಮ್ಮ ದೇಶದ್ದೇ, ಅಂಗಡಿ ಪರರದು. ಅಮೆಜಾನ್ ಅಮೆರಿಕದ ಕಂಪೆನಿ. ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟಿನ ಬಹುಪಾಲು ಶೇರನ್ನು 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಕೊಂಡಿತು. ಇಂಥ ಕಂಪೆನಿಗಳು ತಾವೇ ಸರಕು ದಾಸ್ತಾನಿಟ್ಟು ಮಾರಬಾರದು, ಮಾರುವವನನ್ನೂ ಕೊಳ್ಳುವವನನ್ನೂ ಕೂಡಿಸುವ ಸಂತೆಯಾಗಿ ಮಾತ್ರ ಇರಬೇಕು ಎಂಬುದು ಕೇಂದ್ರ ಸರಕಾರದ ನಿಯಮ. ಸಂತೆಯ ಯಜಮಾನ ಸುಂಕ ಪಡೆಯುತ್ತಾನೆ. ಸರಕಿನ ಸಾಚಾತನಕ್ಕೆ ತಾನು ಹೊಣೆಯಲ್ಲ, ಮಾರಿದವನೇ ಹೊಣೆ ಎನ್ನುತ್ತಾನೆ.

ನೇರವಾಗಿ ಚೀನಾದಿಂದ ಪೊಟ್ಟಣ ತರಿಸುವ ಭರಾಟೆಯೂ ನಡುವೆ ಕೆಲ ವರ್ಷ ಇತ್ತು. ಐದು ಸಾವಿರ ರೂಪಾಯಿಯವರೆಗಿನ ಉಡುಗೊರೆಗೆ ಸುಂಕವಿಲ್ಲವೆಂಬ ಸವಲತ್ತನ್ನು ಹಿಡಿದುಕೊಂಡು ವ್ಯಾಪಾರದ ಸರಕೆಲ್ಲ ಉಡುಗೊರೆಯ ವೇಷದಲ್ಲಿ ಬರತೊಡಗಿದಾಗ, 2019ರ ಡಿಸೆಂಬರಿನಲ್ಲಿ ಸರಕಾರ ರಾಖಿ ಮತ್ತು ಜೀವರಕ್ಷಕ ಔಷಧಿಗಳನ್ನು ಬಿಟ್ಟು ಉಳಿದುದನ್ನು ನಿಲ್ಲಿಸಿತು. 2020ರ ಜೂನಿನಲ್ಲಿ ಶೀನ್, ಕ್ಲಬ್ ಫ್ಯಾಕ್ಟರಿಗಳೂ ನವೆಂಬರಿನಲ್ಲಿ ಅಲಿಎಕ್ಸ್‌ಪ್ರೆಸ್ಸೂ ನಿಷೇಧಕ್ಕೊಳಗಾದವು. ಮುಕ್ತ ವ್ಯಾಪಾರದ ಪಾಠವನ್ನು ಜಗತ್ತಿಗೆಲ್ಲ ಹೇಳುತ್ತಿದ್ದ ಅಮೆರಿಕವೇ 800 ಡಾಲರಿನವರೆಗಿನ ಪೊಟ್ಟಣಗಳಿಗಿದ್ದ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ಕಿತ್ತುಹಾಕಿದೆ. ಎಂದ ಮೇಲೆ ಗಡಿ ದಾಟಿ ಬರುವ ಸರಕನ್ನು ತಡೆಯಲು ಸರಕಾರಗಳಿಗೆ ಬಾರದೆಂದಲ್ಲ. ಗಡಿಯ ಒಳಗೇ ನಡೆಯುವ ಹೆಸರಿನ ಕಳವನ್ನು ತಡೆಯುವುದು ಹೇಗೆ ಎಂಬುದೇ ಪ್ರಶ್ನೆ.

ಈ ಪ್ರಶ್ನೆ ನನ್ನ ಮನಸ್ಸಿಗೆ ನಾಟಿದ್ದು ಹೋದ ಓಣಂ ರಜೆಯಲ್ಲಿ ಅಲಂಪುರಕ್ಕೆ ಹೋದಾಗ. ತುಂಗಭದ್ರೆಯ ದಡದಲ್ಲಿ ಬಾದಾಮಿ ಚಾಲುಕ್ಯರ ನವಬ್ರಹ್ಮ ದೇವಾಲಯಗಳಿರುವ ಊರು ಅದು. 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ದಕ್ಷಿಣ ಕನ್ನಡದಿಂದ ಕೇರಳಕ್ಕೆ ಹೋದ ಹಾಗೆಯೇ, ಅದೇ ದಿನ, ಅದೇ ಕಾನೂನಿನ ಪ್ರಕಾರ ಅಲಂಪುರ, ಗದ್ವಾಲ ತಾಲೂಕುಗಳು ರಾಯಚೂರು ಜಿಲ್ಲೆಯಿಂದ ಆಂಧ್ರಕ್ಕೆ ಹೋದವು. ಈಗ ಅವು ತೆಲಂಗಾಣದ ಜೋಗುಳಾಂಬಾ ಗದ್ವಾಲ ಜಿಲ್ಲೆ. ಕೃಷ್ಣೆಯ ಆಚೆಗೆ ಮಖ್ತಲ್, ನಾರಾಯಣಪೇಟೆ. ಆ ಕಡೆ ಕನ್ನಡ ಮನೆಮಾತಿನವರು ಇಂದಿಗೂ ಇದ್ದಾರೆ. ಸಂತೆಯಲ್ಲಿ ರಾಯಚೂರು ಸೀಮೆಯ ಕನ್ನಡ ಕಿವಿಗೆ ಬಿದ್ದಾಗ ನಮ್ಮ ದಾಯಾದಿಗಳನ್ನು ಕಂಡಂತಾಯಿತು.

ಗದ್ವಾಲ ಸೀರೆಯ ವಿಶೇಷವನ್ನು ನಮ್ಮ ತಾಯಂದಿರಿಗೆ ಹೇಳಬೇಕಾಗಿಲ್ಲ. ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ಇಳಕಲ್ಲಿನವರು ಕೊಂಡಿ ಹಾಕುವಂತೆ ಇಲ್ಲಿಯೂ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಕೂಡಿಸಬೇಕು. ಒಡಲಿಗೊಂದು, ಎರಡು ಅಂಚುಗಳಿಗೆ ಎರಡು, ಹೀಗೆ ಮೂರು ಲಾಳಿಗಳ ಕೆಲಸ. ಒಂದು ಸೀರೆಗೆ ಇಬ್ಬರು ಕುಳಿತು ದಿನಗಟ್ಟಲೆ ದುಡಿಯಬೇಕು. ಅಸಲು ಸೀರೆಯನ್ನು ಗುರುತಿಸುವುದು ಹೇಗೆಂದು ನಾನು ಕೇಳಿದೆ. ಮಗ್ಗದ ಮುಂದಿದ್ದ ಹಿರಿಯರು ಬಟ್ಟೆಯನ್ನು ಮಗುಚಿ ಹಾಕಿ, ಅಂಚೂ ಒಡಲೂ ಹೊಕ್ಕಿನ ಎಳೆಗಳಲ್ಲಿ ಒಂದನ್ನೊಂದು ತಬ್ಬಿ ಹಿಡಿದ ಜಾಗದ ಮೇಲೆ ಬೆರಳಾಡಿಸಿದರು. “ಹಿಂದ ನೋಡ್ರಿ ಸರ, ಮುಂದ ಎಲ್ಲಾ ಒಂದ ಥರಾನ ಕಾಣ್ತದ” ಎಂದರು.

ಮೊಬೈಲಿನಲ್ಲಿ ಕಾಣುವುದು ಮುಂಬದಿ ಮಾತ್ರ. ಎಲ್ಲಿಯದೋ ವಿದ್ಯುತ್ ಮಗ್ಗದಲ್ಲಿ ಗಂಟೆಗಳಲ್ಲಿ ನೇಯ್ದ ಪಾಲಿಯೆಸ್ಟರ್ ಬಟ್ಟೆ ‘ಗದ್ವಾಲ’, ‘ನಾರಾಯಣಪೇಟೆ’ ಎಂಬ ಹೆಸರು ಹೊತ್ತು ಏಳೆಂಟು ನೂರಕ್ಕೆ ಮಾರಾಟವಾಗುತ್ತದೆ. ನಮ್ಮ ಮನೆಗೂ ಒಂದು ಬಂದಿತ್ತು. ಯಾವ ಮಳಿಗೆಯದೆಂದು ಹೆಸರಿಸುವುದಿಲ್ಲ. ನನ್ನ ತಾಯಿ ಅದನ್ನು ಮಗುಚಿ ನೋಡಿ, ಏನೂ ಹೇಳದೆ ಮಡಚಿಟ್ಟರು.

ಕಾನೂನು ಇಲ್ಲವೇ ಎಂದರೆ, ಬೇಕಾದಷ್ಟಿದೆ. ಸೀರೆಯೂ ಸೇರಿ ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾನೂನು 1985ರಷ್ಟು ಹಿಂದೆಯೇ ಬಂದಿದೆ. ಗದ್ವಾಲ, ನಾರಾಯಣಪೇಟೆ ಎರಡೂ ಭೌಗೋಳಿಕ ಸೂಚಕದ ಪಟ್ಟಿಯಲ್ಲಿವೆ. ಆ ಹೆಸರನ್ನು ಸುಳ್ಳಾಗಿ ಬಳಸಿದವನಿಗೆ 1999ರ ಕಾನೂನಿನಂತೆ ಆರು ತಿಂಗಳಿಂದ ಮೂರು ವರ್ಷದ ಸಜೆಯಿದೆ. 2020ರ ಗ್ರಾಹಕ ನಿಯಮಗಳ ಪ್ರಕಾರ ಆನ್‌ಲೈನ್ ಅಂಗಡಿಯಲ್ಲಿ ಸರಕು ಯಾವ ದೇಶದ್ದೆಂದು ತೋರಿಸಲೇಬೇಕು. ಆದರೆ ನಕಲಿ ಗದ್ವಾಲ ಸೀರೆಯೂ ‘ಭಾರತ’ದ್ದೇ ಅಲ್ಲವೇ? ದೇಶವನ್ನು ಕೇಳುವ ನಿಯಮ ಮಗ್ಗವನ್ನು ಕೇಳುವುದಿಲ್ಲ. ದೂರು ಕೊಡಬೇಕಾದವನು ನೇಕಾರ, ಅವನು ದಿನದ ಕೂಲಿ ಬಿಟ್ಟು ಯಾರ ಮೇಲೆ, ಯಾವ ಊರಿನಲ್ಲಿ ದಾವೆ ಹೂಡಬೇಕು? 2009–10ರ ಗಣತಿಯಲ್ಲಿ ದೇಶದ ಕೈಮಗ್ಗ ಕೆಲಸಗಾರರು 43.31 ಲಕ್ಷ, 2019–20ರಲ್ಲಿ 35.22 ಲಕ್ಷ. ಇದಕ್ಕೆಲ್ಲ ಮೊಬೈಲೇ ಕಾರಣವೆನ್ನುವುದು ಅನ್ಯಾಯ. ಮಗ್ಗ ಬಿಟ್ಟವರಲ್ಲಿ ಅನೇಕರು ನೂಲಿನ ಬೆಲೆಗೆ, ಕಡಿಮೆ ಕೂಲಿಗೆ ಸೋತವರು. ಆದರೆ ಉಳಿದವರ ಕೈಯಲ್ಲಿದ್ದ ಒಂದೇ ಆಸ್ತಿ ಊರಿನ ಹೆಸರು, ಅದೀಗ ಬಿಟ್ಟಿಗೆ ಹೋಗುತ್ತಿದೆ.

ಇನ್ನೊಂದು ಸಂಗತಿಯನ್ನು ಮುಚ್ಚಿಡಬಾರದು. 2020ರಲ್ಲಿ ಫ್ಲಿಪ್‌ಕಾರ್ಟ್, ಅಮೆಜಾನ್ ಎರಡೂ ಕನ್ನಡದಲ್ಲಿ ವ್ಯವಹಾರ ಆರಂಭಿಸಿದವು. ಸರಕಾರಿ ಕಚೇರಿಗಳಲ್ಲಿ ಕನ್ನಡದ ಒಂದು ಅರ್ಜಿ ಫಾರಮಿಗಾಗಿ ಮನವಿ ಕೊಟ್ಟು ಕೊಟ್ಟು ಬೇಸತ್ತ ನಮ್ಮವರಿಗೆ ಅಮೆರಿಕದ ವರ್ತಕ ಕೇಳದೆಯೇ ಕನ್ನಡ ಕೊಟ್ಟ! ಅದು ಅಕ್ಷರಕ್ಕೆ ಅಕ್ಷರ ತರ್ಜುಮೆಯ ಕನ್ನಡವೇ ಇರಲಿ, ಅಜ್ಜಿಗೆ ಓದಲು ಬರುತ್ತದೆ. ಊರಿನ ಅಂಗಡಿಗಳ ಫಲಕದಿಂದ ಕನ್ನಡ ಒಂದೊಂದಾಗಿ ಇಳಿಯುತ್ತಿರುವಾಗ ನಮ್ಮ ಅಂಗಡಿಯವರು ಇದನ್ನು ಗಮನಿಸಬೇಕಿತ್ತು. ಅವರಲ್ಲಿಯೂ ನಕಲಿ ಗದ್ವಾಲ ಇಲ್ಲವೆಂದಲ್ಲ. ಆದರೂ ಅಲ್ಲಿ ಸೀರೆಯನ್ನು ಮಗುಚಿ ನೋಡಬಹುದು, ಶಾಲೆ ತೆರೆಯುವ ಜೂನಿನಲ್ಲಿ ಸಮವಸ್ತ್ರದ ಬಟ್ಟೆಯನ್ನು ಕಡಕ್ಕೆ ತರಬಹುದು, ಮೋಸವಾದರೆ ಮರುದಿನ ಹೋಗಿ ಮುಖ ನೋಡಿ ಕೇಳಬಹುದು.

ಗದ್ವಾಲ ದೂರವಾಯಿತೆನ್ನುವವರಿಗೆ ಒಂದು ಮಾತು. ಕಾಸರಗೋಡು ಸೀರೆಗೂ ಅದೇ ಭೌಗೋಳಿಕ ಸೂಚಕ ಸಿಕ್ಕಿದೆ. 1938ರಲ್ಲಿ ಸ್ಥಾಪನೆಯಾದ ನೇಕಾರರ ಸಹಕಾರ ಸಂಘ ನಮ್ಮ ವಿದ್ಯಾನಗರದಲ್ಲೇ ಇದೆ. ಆ ಮಗ್ಗಗಳನ್ನು ಯಾರು ಯಾರು ನೋಡಿದ್ದೀರಿ ಎಂದು ಹತ್ತನೆಯ ತರಗತಿಯಲ್ಲಿ ಕೇಳಿದೆ. ಮೂವರು ಕೈ ಎತ್ತಿದರು.

ಅಲಂಪುರದಿಂದ ಮರಳಿದ ಮೇಲೆ ಗದ್ವಾಲದ ಆ ಹಿರಿಯರ ಮಗನಿಗೆ ಫೋನು ಮಾಡಿದೆ. ಈಗ ಅವರೂ ವಾಟ್ಸಪ್ಪಿನಲ್ಲಿ ಸೀರೆ ತೋರಿಸುತ್ತಾರೆ. ಹಿಂಬದಿ ತೋರಿಸಿ ಎಂದಾಗ ನಗುತ್ತಾ ಮಗುಚಿ ತೋರಿಸಿದರು. ನಾವು ಮೊದಲು ತರಿಸಿದ ಸೀರೆಯ ಹತ್ತು ಪಟ್ಟಿಗೂ ಹೆಚ್ಚು ಬೆಲೆ. ಹಬ್ಬಕ್ಕೆ ಇನ್ನೊಂದು ಸೀರೆ ಬೇಡವೆಂದು ತಾಯಿಯೇ ಹೇಳಿದರು, ಇದೊಂದೇ ಸಾಕೆಂದರು. ಅಂಚೆಯಲ್ಲಿ ಬರಲು ಒಂಬತ್ತು ದಿನ ಹಿಡಿಯಿತು.