ರಾಜಕಾಲುವೆಗೆ ಕಾಂಕ್ರೀಟಿನ ತಳವೇಕೆ?

ಬೆಂಗಳೂರಿನ ಬೀದಿಗಳು ಮಳೆಗೆ ಹೊಳೆಯಾದಾಗಲೆಲ್ಲ ಒಂದೇ ಪರಿಹಾರವು ಕೇಳಿಬರುತ್ತದೆ: ರಾಜಕಾಲುವೆಗಳಿಗೆ ಇಕ್ಕೆಲದಲ್ಲೂ ಗೋಡೆ ಎಬ್ಬಿಸಿ, ತಳಕ್ಕೆ ಕಾಂಕ್ರೀಟು ಹಾಸಬೇಕು, ನೀರು ತಡೆಯಿಲ್ಲದೆ ಹರಿದುಹೋಗಲಿ. ಹರಿದುಹೋಗುವುದಾದರೂ ಎಲ್ಲಿಗೆ? ಯೋಜನೆ ಬರೆಯುವ ಮಹಾಶಯರು ಈ ಪ್ರಶ್ನೆಯನ್ನು ಕೇಳಿಕೊಂಡಂತೆ ತೋರುವುದಿಲ್ಲ.

ಈ ಊರು ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರು ಎತ್ತರದ ದಿಣ್ಣೆಯ ಮೇಲಿರುವುದಷ್ಟೆ. ಬಿದ್ದ ನೀರು ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಕಣಿವೆಗಳಿಗೆ ಇಳಿಯುತ್ತದೆ. ಹಿಂದಿನವರು ಈ ಇಳಿಜಾರಿನಲ್ಲಿ ಕೆರೆಯ ಕೆಳಗೊಂದು ಕೆರೆ ಕಟ್ಟಿ, ಮೇಲಿನದರ ಕೋಡಿ ಕೆಳಗಿನದಕ್ಕೆ ಬೀಳುವಂತೆ ಮಾಡಿ, ನೀರಿನ ಓಟಕ್ಕೆ ಲಗಾಮು ಹಾಕಿದ್ದರು. ಧರ್ಮಾಂಬುಧಿಯು ಬಸ್ಸಿನ ನಿಲ್ದಾಣವಾಯಿತು. ಸಂಪಂಗಿ ಕೆರೆಯು ಕ್ರೀಡಾಂಗಣವಾಯಿತು. ಲಗಾಮು ಕಿತ್ತುದು ಸಾಲದೆಂದು ಕಾಂಕ್ರೀಟಿನ ಜಾರುಬಂಡೆಯನ್ನೂ ಒದಗಿಸಿದರೆ, ಮೇಲಿನ ಬಡಾವಣೆಯ ಕಷ್ಟವು ಕೆಳಗಿನ ಬಡಾವಣೆಯನ್ನು ಇನ್ನಷ್ಟು ಬೇಗ ಮುಟ್ಟುವುದು, ಅಷ್ಟೆ. ೨೦೨೨ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಕಡೆಯ ತಗ್ಗಿನ ನಿವಾಸಿಗಳನ್ನು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಸಾಗಿಸಬೇಕಾದುದನ್ನು ವಾಚಕರು ಮರೆತಿರಲಾರರು.

ಲೆಕ್ಕವನ್ನೇ ನೋಡೋಣ. ಉದ್ದ ೪೦ ಅಡಿ, ಅಗಲ ೩೦ ಅಡಿಯ ಒಂದು ನಿವೇಶನದ ಮೇಲೆ ೧೦೦ ಮಿಲಿಮೀಟರು ಮಳೆ ಸುರಿದರೆ ಬೀಳುವ ನೀರು ಸುಮಾರು ೧೧,೦೦೦ ಲೀಟರು. ಮಣ್ಣಿನ ಅಂಗಳವಿದ್ದಾಗ ಅದರಲ್ಲಿ ಒಳ್ಳೆಯ ಪಾಲು ಇಂಗುತ್ತಿತ್ತು. ಈಗ ತಾರಸಿಯಿಂದ ನೆಟ್ಟಗೆ ಮೋರಿಗೆ. ೨೦೦೯ರ ಕಾನೂನು ನಿವೇಶನದ ಅಳತೆಗನುಸಾರವಾಗಿ ಮನೆಯವರಿಗೆ ಮಳೆನೀರಿನ ಸಂಗ್ರಹವನ್ನು ಕಡ್ಡಾಯಗೊಳಿಸಿದುದು ಯುಕ್ತವೇ ಸರಿ. ಗೃಹಸ್ಥನಿಗೆ ವಿಧಿಸಿದ ಈ ಧರ್ಮವು ರಸ್ತೆ ಹಾಕುವವರಿಗೆ ಬೇಡವೇ? ಸಾಲುಮರಗಳ ಬುಡಕ್ಕೆ ಸಿಮೆಂಟು ಬಿಗಿಯುವವರು ಅವರೇ ಅಲ್ಲವೇ! ರಸ್ತೆಯ ಅಂಚಿಗೆ ತಗ್ಗಾದ ಹುಲ್ಲಿನ ಪಟ್ಟಿ, ಜಲ್ಲಿ ತುಂಬಿದ ಇಂಗುಗುಂಡಿ, ಉದ್ಯಾನದಲ್ಲಿ ಒಂದೆರಡು ದಿನ ನೀರು ನಿಲ್ಲುವ ಹಳ್ಳ, ಇವಕ್ಕೆ ಅಪೂರ್ವ ವಿದ್ಯೆಯೇನೂ ಬೇಕಿಲ್ಲ.

ಮಣ್ಣಿನ ಕಾಲುವೆ ನಾರುತ್ತದೆಂದು ಆಕ್ಷೇಪಿಸುವರು. ನಾರುವುದು ಮಣ್ಣಲ್ಲ, ಅದಕ್ಕೆ ಬಿಟ್ಟ ಕಕ್ಕಸಿನ ನೀರು! ಮೊದಲು ಅದನ್ನು ಬೇರ್ಪಡಿಸಲಿ. ಜಕ್ಕೂರಿನಲ್ಲಿ ಕೊಳಚೆಯನ್ನು ಶುದ್ಧೀಕರಿಸಿ, ಸಸ್ಯಗಳು ಬೆಳೆದ ಜೌಗಿನಲ್ಲಿ ಹಾಯಿಸಿ, ಕೆರೆಗೆ ಸೇರಿಸುವ ಏರ್ಪಾಡನ್ನು ಅವರು ಹೋಗಿ ನೋಡಬಹುದು.

ಅತಿವೃಷ್ಟಿಯ ನೀರನ್ನೆಲ್ಲ ಮಣ್ಣು ಕುಡಿಯಲಾರದೆಂಬುದು ನಿಜ, ಕಾಲುವೆಯೂ ಬೇಕು. ದಡ ಕುಸಿಯುವೆಡೆ ಗೋಡೆ ಕಟ್ಟಲಿ, ತಳವನ್ನು ಮಣ್ಣಾಗಿಯೇ ಬಿಡಲಿ. ಮುಂದಿನ ಅಂದಾಜುಪಟ್ಟಿಯಲ್ಲಿ ಕಾಂಕ್ರೀಟಿನ ಅಳತೆಯ ಪಕ್ಕದಲ್ಲಿ, ಎಷ್ಟು ನೀರನ್ನು ಬಿದ್ದಲ್ಲಿಯೇ ನಿಲ್ಲಿಸುವೆವೆಂಬ ಅಂಕಣವೊಂದನ್ನೂ ಬರೆದು ತೋರಿಸಲಿ.