ತಾಳ್ಮೆಯ ಪ್ರಶ್ನೆಯಲ್ಲ
ಜನಪ್ರಿಯ ವಿಡಿಯೋ ಗೇಮ್‌ಗಳನ್ನು ಅರ್ಧಕ್ಕೆ ಬಿಡುವವರಿಗೆ ತಾಳ್ಮೆಯಿಲ್ಲ ಎಂಬ ಲೇಖನದ ವಾದವನ್ನು ನಾನು ಒಪ್ಪಲಾರೆ. 2018ರ ‘ರೆಡ್ ಡೆಡ್ ರಿಡೆಂಪ್ಷನ್ 2’ ನೋಡಿ. ಹಿಮ, ಕುದುರೆ, ಆರ್ಥರ್ ಮಾರ್ಗನ್‌ನ ಪಾತ್ರ ಎಲ್ಲವೂ ಸೊಗಸು. ಅದರ ನಿಧಾನಗತಿಯೂ ನನಗೆ ಇಷ್ಟವೇ. ಆದರೆ ಕಥೆಯ ಮಿಷನ್ ಶುರುವಾದೊಡನೆ ಆಟದ ವಿಶಾಲ ಬಯಲು ಓಣಿಯಾಗುತ್ತದೆ. ಹೇಳಿದ ದಾರಿಯಲ್ಲೇ ಸಾಗಬೇಕು. ಬೇರೆ ಉಪಾಯ ಹೂಡಿ ಪಕ್ಕಕ್ಕೆ ಸರಿದರೆ ಮಿಷನ್ ವಿಫಲ. ಆಡುವವರ ಬುದ್ಧಿಗೆ ಕೆಲಸವೇ ಇಲ್ಲದ ಮೇಲೆ ಆಸಕ್ತಿ ಉಳಿಯುವುದಾದರೂ ಹೇಗೆ? 2017ರ ‘ಬ್ರೆತ್ ಆಫ್ ದಿ ವೈಲ್ಡ್’ ಕೂಡ ಅವಸರದ ಆಟವಲ್ಲ. ಆದರೂ ಆರಂಭದ ಪ್ರಸ್ಥಭೂಮಿ ದಾಟಿದ ಮೇಲೆ ನೇರವಾಗಿ ಅಂತಿಮ ಶತ್ರು ಗ್ಯಾನನ್ ಇರುವ ಕೋಟೆಗೇ ನುಗ್ಗಬಹುದು. ಸೋತರೆ ಅದು ನಮ್ಮದೇ ಸೋಲು. ಮಾರಾಟದ ಅಂಕಿ ತೋರಿಸಿ ಆಟಗಾರರನ್ನು ದೂರುವ ಲೇಖಕರು ಈ ವ್ಯತ್ಯಾಸಕ್ಕೆ ಉತ್ತರಿಸಲಿ.