'ಮುಟ್ಟಬೇಡಿ' ಅನ್ನೋ ಬೋರ್ಡು



ಹೋದ ತಿಂಗಳು ನಮ್ಮ ಕೇರಿಯ ಆರು ಮಕ್ಕಳನ್ನ ಮದ್ದೂರಲ್ಲಿ ಟ್ರೈನ್ ಹತ್ತಿಸಿ, ಬೆಂಗಳೂರಿನ ಒಂದು ಗ್ಯಾಲರಿಗೆ ಕರ್ಕೊಂಡು ಹೋಗಿದ್ದೆ. ಪುಟ್ಟ ಮಕ್ಕಳಿಗಾಗಿಯೇ ಸಮಕಾಲೀನ ಕಲಾ ಪ್ರದರ್ಶನ ಅಂತ ಪೋಸ್ಟರ್ ಹಾಕಿದ್ರು. ಎಲ್ಲಾ ಅಂಗನವಾಡಿ ಮಕ್ಕಳು, ನಾಲ್ಕೈದು ವರ್ಷ. ಬಾಗಿಲಲ್ಲೇ ಬೋರ್ಡು: ಮುಟ್ಟಬೇಡಿ. ಓದೋಕೆ ಬರದ ಮಕ್ಕಳಿಗೆ ಗಾರ್ಡ್ ಕೂಗಿ ಹೇಳಿದ. ಅವನ ಮೇಲೆ ಕೋಪ ಇಲ್ಲ, ಮಾತಾಡಿಸಿದ್ರೆ ಮಳವಳ್ಳಿ ಕಡೆಯ ಹುಡುಗನೇ.

ಒಬ್ಬಳು ನನ್ನ ಬೆರಳು ಹಿಡಿದು, 'ಮಾವ, ನಾವು ಮುಟ್ಟುದ್ರೆ ಏನಾಯ್ತದೆ?' ಅಂದ್ಲು.

ಹೋಟೆಲಿನ ಲೋಟದ ಮುಂದೆ, ಬಾವಿಯ ಹಗ್ಗದ ಮುಂದೆ ನಮ್ಮಜ್ಜಂದಿರು ನುಂಗಿಕೊಂಡ ಪ್ರಶ್ನೆ ಇದು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಕೆರೆ ನೀರು ಮುಟ್ಟಿ ಕುಡಿದದ್ದು ಇದೇ ಪ್ರಶ್ನೆಗೆ. ಬೋರ್ಡು ಬರೆದವರಿಗೆ ಜಾತಿ ನೆನಪೇ ಇರಲಿಲ್ಲ, ಒಪ್ತೀನಿ. ಹಾಗೆ ನೆನಪಿಲ್ಲದೆ ಬದುಕೋ ಸವಲತ್ತಿನ ಬಗ್ಗೆಯೇ ನನ್ನ ತಕರಾರು.

ಚಿತ್ರಗಳೆಲ್ಲ ಐದಡಿ ಎತ್ತರದಲ್ಲಿದ್ವು. ನಾಲ್ಕು ವರ್ಷದ ಮಗುವಿನ ಕಣ್ಣು ಮೂರಡಿ ಆಸುಪಾಸಿನಲ್ಲಿರುತ್ತೆ. ನಾನು ಒಬ್ಬೊಬ್ಬರನ್ನೇ ಎತ್ತಿ ತೋರಿಸಿ ಸೊಂಟ ನೋಯಿಸಿಕೊಂಡೆ. ಚೀಟಿಗಳು ಇಂಗ್ಲಿಷಲ್ಲಿ. ಹಾಗಾದ್ರೆ ಇದು ಯಾರ ಮಕ್ಕಳಿಗೆ ಮಾಡಿದ್ದು?

'ಟಪಾಲು ನೋಡೋ ಗುಮಾಸ್ತನಿಗೆ ಕಲೆ ಏನು ಗೊತ್ತು' ಅಂತ ಕಾಮೆಂಟ್ ಹಾಕೋರು ಕೇಳಿ. ವೆಂಕಟಪ್ಪನವರ ಜಲವರ್ಣಕ್ಕೆ ಮಕ್ಕಳು ಕೈ ಹಾಕಲಿ ಅಂತ ನಾನು ಹೇಳ್ತಿಲ್ಲ. ಅದನ್ನ ಗಾಜು ಹಾಕಿ ತಗ್ಗಿಸಿ ನೇತುಹಾಕಿ, ಪಕ್ಕದಲ್ಲೇ ಮುಟ್ಟೋಕೆ ಅಂತಲೇ ಮಾಡಿದ್ದೊಂದು ಇಡಿ. 2002ರಲ್ಲಿ ಜಪಾನಿನ ಕಲಾವಿದೆ ಯಾಯೋಯಿ ಕುಸಾಮಾ ಆಸ್ಟ್ರೇಲಿಯಾದ ಬ್ರಿಸ್ಬೇನಿನ ಕ್ವೀನ್ಸ್‌ಲ್ಯಾಂಡ್ ಆರ್ಟ್ ಗ್ಯಾಲರಿಯಲ್ಲಿ ಮಕ್ಕಳಿಗಾಗಿ ಒಂದು ಕೋಣೆ ಮಾಡಿದ್ರು. ಗೋಡೆ, ಕುರ್ಚಿ, ಮೇಜು ಎಲ್ಲಾ ಬಿಳಿ. ಮಕ್ಕಳ ಕೈಗೆ ಬಣ್ಣಬಣ್ಣದ ಚುಕ್ಕಿ ಸ್ಟಿಕ್ಕರ್ ಕೊಟ್ರು, ಎಲ್ಲಿ ಬೇಕಾದ್ರೂ ಅಂಟಿಸಿ ಅಂತ. ಮಕ್ಕಳು ಮುಟ್ಟಿದಷ್ಟೂ ಆ ಕೃತಿ ಪೂರ್ತಿ ಆಗ್ತಾ ಹೋಯ್ತು.

ನಮಗೆ ಅಷ್ಟು ದೂರ ಹೋಗೋದೂ ಬೇಡ. ಬೆಂಕಿಗೆ ಕಾಯಿಸಿದ ತಮಟೆ ಕೊಡಿ, ಬಾರಿಸಲಿ. ಆಲೆಮನೆಯ ಬೆಲ್ಲದ ಅಚ್ಚು, ಕೆರೆ ಜೇಡಿ ಕೊಡಿ. ಆದ್ರೆ ತಮಟೇನ ಗೋಡೆಗೆ ನೇತುಹಾಕಿ ಕೆಳಗೆ 'ದಲಿತ ಸಂಸ್ಕೃತಿ' ಅಂತ ಚೀಟಿ ಅಂಟಿಸಬೇಡಿ, ಅದು ತಿಥಿ ಮಾಡಿದ ಹಾಗಿರುತ್ತೆ. ಬಾರಿಸೋದು ಕಲಿಸೋ ನಮ್ಮ ಹಿರಿಯರಿಗೆ ಕಲಾವಿದರ ಸಂಭಾವನೆಯನ್ನೇ ಕೊಡಿ, ಶಾಲು ಬೇಡ.

ಕರ್ನಾಟಕ ಲಲಿತಕಲಾ ಅಕಾಡೆಮಿಗೆ ಅರ್ಜಿ ಬರೆದಿದ್ದೀನಿ: ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ಅಂಗನವಾಡಿ ಮಕ್ಕಳ ಎತ್ತರಕ್ಕೆ ಒಂದೊಂದು ಪ್ರದರ್ಶನ ಮಾಡಿ, ಯೋಜನೆ ಹಾಕುವಾಗಲೇ ಅಂಗನವಾಡಿ ಅಕ್ಕಂದಿರನ್ನ ಕೂರಿಸ್ಕೊಳ್ಳಿ ಅಂತ. ಸಹಿ ಹಾಕೋರು ಶನಿವಾರ ಸಂಜೆ ಮಂಡ್ಯದ ಅಂಬೇಡ್ಕರ್ ಭವನದ ಹತ್ರ ಬನ್ನಿ. ಮಕ್ಕಳನ್ನೂ ಕರ್ಕೊಂಡು ಬನ್ನಿ, ಸುಣ್ಣದ ಕಡ್ಡಿ ತರ್ತೀನಿ, ನೆಲದ ಮೇಲೆ ಬರೀಲಿ.